ವೈಸಿನ ಮೇಲಿನ ಕುಂಕುಮ

"ಇದಕ್ಕ ಏನ್ ಹೇಳ್ತೀರಿ?"

ಸಾಂಗಲಿಯ ಹಳೆ ಮಷಿನರಿ ಅಂಗಡಿಯಲ್ಲಿ ಭರತ ಹೀಗೆ ಕೇಳಿದಾಗ ಸೋನಾಲಿ ನೆಲಕ್ಕೆ ಕೂತು ಒಂದು ಮಷಿನ್ ವೈಸಿನ ಬಾಯೊಳಗೆ ಇಣುಕುತ್ತಿದ್ದಳು. ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದಿದ್ದಳು. ಕೈತುಂಬ ಮಸಿ. ಅಂಗಡಿಯವನ ಮಗಳೇ ಇರಬೇಕೆಂದು ಅವನು ತಿಳಿದದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ.

"ಇದು ಮಾರಾಟಕ್ಕಿಲ್ರಿ," ಎಂದಳು, ತಲೆ ಎತ್ತದೆ.

"ಅಂಗಡ್ಯಾಗ ಇಟ್ಟ ಮ್ಯಾಲೆ ಮಾರಾಟಕ್ಕ ಇರಬೇಕಲ್ರೀ?"

"ನಾ ನೋಡಿ ಮುಗಸೂತನಕ ಇಲ್ಲ."

ಗಲ್ಲೆಯ ಹಿಂದೆ ಕೂತಿದ್ದ ಅಂಗಡಿಯವನು ಗಹಗಹಿಸಿ ನಕ್ಕ. ಆಗ ಭರತನಿಗೆ ಗೊತ್ತಾಯಿತು, ಇವಳೂ ತನ್ನಂತೆ ಗಿರಾಕಿಯೇ ಎಂದು. ಮಿರಜಿನ ಒಂದು ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಷಿನ್ ನಡೆಸುವವಳು. ಮಾಲೀಕ ವೈಸ್ ನೋಡಿ ಬಾ ಎಂದು ಕಳಿಸಿದ್ದ.

ವೈಸ್ ಎಂದರೆ ಮಿಲ್ಲಿಂಗ್ ಮಷಿನ್ನಿನ ಮೇಲೆ ಕೂತು, ಕೊರೆಯಬೇಕಾದ ಕಬ್ಬಿಣದ ತುಂಡನ್ನು ಅಲುಗಾಡದಂತೆ ಕಚ್ಚಿ ಹಿಡಿಯುವ ಎರಡು ದವಡೆಗಳ ಸಾಮಾನು. ಅದೊಂದು ಸರಿ ಇಲ್ಲದಿದ್ದರೆ ಎಷ್ಟೇ ದೊಡ್ಡ ಮಷಿನ್ ತಂದರೂ ಮಾಡಿದ ಕೆಲಸವೆಲ್ಲ ಸೊಟ್ಟ. ಸೋನಾಲಿ ದವಡೆಗಳ ನಡುವೆ ಒಂದು ಚೌಕದ ತುಂಡು ಬಿಗಿದು, ಅದರ ಕೆಳಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡುತ್ತಿದ್ದಳು. ಬಿಗಿದಾಗ ತುಂಡು ಮೇಲೆದ್ದರೆ ಕಾಗದ ಸಡಿಲಾಗಿ ಕೈಗೆ ಬರುತ್ತದೆ. ಬರಲಿಲ್ಲ. ಅವಳ ಮುಖ ಅರಳಿತು.

"ತೊಗೋತೀನ್ರಿ ಕಾಕಾ, ಇದನ್ನ."

"ಒಂದ ನಿಮಿಷ," ಎಂದು ಭರತ ಅವಳ ಪಕ್ಕ ಕೂತ. "ತಳಕ್ಕ ಕೈ ಹಾಕಿ ನೋಡ್ರಿ."

ಅವಳು ಕೈ ಹಾಕಿದಳು. ಅವನ ಬೆರಳು ಅದಾಗಲೇ ಅಲ್ಲಿತ್ತು. ಬಣ್ಣದ ಕೆಳಗೆ ಒಂದು ಉಬ್ಬು ಗೆರೆ ಇಬ್ಬರ ಬೆರಳಿಗೂ ತಾಗಿತು. ಬೆರಳಿಗೆ ಬೆರಳೂ ತಾಗಿತು. ಅವಳು ಕೈ ತೆಗೆಯಲು ಕ್ಷಣ ತಡಮಾಡಿದಳು. ಗೆರೆಯ ಕಾರಣಕ್ಕೇ ತಡವಾಯಿತು ಎಂದು ಆಮೇಲೆ ಎಷ್ಟೋ ದಿನ ವಾದಿಸಿದಳು.

"ಒಡದದ್ದನ್ನ ವೆಲ್ಡ್ ಮಾಡ್ಯಾರ," ಎಂದ ಅವನು ಪಿಸುಮಾತಿನಲ್ಲಿ. "ಮ್ಯಾಲೆ ಬಣ್ಣ ಬಳದಾರ."

"ಅಯ್ಯ, ನಾ ಬಾಯಿ ಅಷ್ಟ ನೋಡಿದ್ನಿ."

"ನಾ ಅದನ್ನ ನೋಡಲಿಲ್ಲ. ಕಾಗದ ಇಟ್ಟು ನೋಡೂದು ನಂಗ ಗೊತ್ತ ಇರಲಿಲ್ಲ. ಇಬ್ಬರೂ ಕೂಡಿದ್ರ ಒಂದ ಚಲೋ ವೈಸ್ ತರಬಹುದು ನೋಡ್ರಿ."

ಅವಳು ಮೊದಲ ಸಲ ತಲೆ ಎತ್ತಿ ಅವನನ್ನು ಸರಿಯಾಗಿ ನೋಡಿದಳು. ಬಿಸಿಲಿಗೆ ಕಂದಿದ ಮುಖ, ಪೆನ್ನು ಸಿಕ್ಕಿಸಿದ ಜೇಬು, ನಗಲೋ ಬೇಡವೋ ಎಂದು ಕೇಳುವಂಥ ಕಣ್ಣು. ಅವಳು ನಕ್ಕುಬಿಟ್ಟಳು. ಅಲ್ಲಿಗೆ ಕೆಟ್ಟಿತು ಕೆಲಸ.

ಭರತ ಕಾಗವಾಡದವನು. ಅವನ ತಂದೆ ಧರೆಪ್ಪನಿಗೆ ದ್ರಾಕ್ಷಿ ತೋಟ, ಕಬ್ಬು ಎರಡೂ ಇದ್ದವು. ಮಗ ಡಿಪ್ಲೊಮಾ ಓದಿ, ದ್ರಾಕ್ಷಿಗೆ ಔಷಧ ಹೊಡೆಯುವ ಬ್ಲೋವರ್‌ಗಳ ಬಿಡಿಭಾಗ ಮಾಡುವ ಶಾಪ್ ತೆಗೆಯುತ್ತೇನೆಂದು ಮಿರಜ್ ರಸ್ತೆಗೆ ಶೆಡ್ ಹಾಕಿಸಿದ್ದ. ಸೋನಾಲಿ ಅಲ್ಲೇ ಹತ್ತಿರದ ಮಂಗಸೂಳಿಯವಳು. ತಂದೆ ಭೀಮಸಿಗೆ ಕುರಿ ಹಿಂಡು, ತುಂಡು ಹೊಲ. ಚಿಕ್ಕೋಡಿಯ ಐಟಿಐನಲ್ಲಿ ಮಷಿನಿಸ್ಟ್ ಕಲಿಯುತ್ತೇನೆಂದಾಗ ಊರೆಲ್ಲ ನಕ್ಕರೂ ಭೀಮಸಿ ನಕ್ಕಿರಲಿಲ್ಲ. ಮಿರಜಿಗಿಂತ ಕಾಗವಾಡ ಮನೆಗೆ ಹತ್ತಿರ ಎಂಬುದು ಅವಳು ಭರತನ ಶಾಪ್ ಸೇರಲು ಹೇಳಿಕೊಂಡ ಕಾರಣ. ಕಾರಣ ಸುಳ್ಳಲ್ಲ, ಪೂರ್ತಿಯೂ ಅಲ್ಲ.

ಹೊಸ ವೈಸ್ ಯಾವುದು ತರಬೇಕೆಂಬ ಜಗಳ ವಾರಗಟ್ಟಲೆ ನಡೆಯಿತು. ಕಟಕರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟುಕೊಂಡು, ನಡುವೆ ಕ್ಯಾಟಲಾಗ್ ಹರಡಿಕೊಂಡು ಕೂರುತ್ತಿದ್ದರು.

"ಬುಡ ತಿರಗೂ ಅಂಥಾದ್ದ ಇರಲಿ," ಎನ್ನುತ್ತಿದ್ದ ಭರತ. "ಯಾವಾಗರ ಕೋನ ಹಾಕಿ ಕೊರೀಬೇಕಾದ್ರ?"

"ಬ್ಲೋವರ್ ಬ್ರ್ಯಾಕೆಟ್‌ನ್ಯಾಗ ಕೋನ ಎಲ್ಲಿ ಬಂತ್ರಿ? ತಿರಗೂ ಬುಡ ಇದ್ರ ವೈಸ್ ಎತ್ತರ ಆಗತೈತಿ, ಗಟ್ಟಿತನ ಕಡಿಮಿ ಆಗತೈತಿ. ಒಂದ ಕಡೆ ಮುಖ ಮಾಡಿ ಕುಂಡರೂದು ಬೇಕು."

"ನಿಮ್ಮಂಗ."

"ನಾ ಯಾವ ಕಡೆ ಮುಖ ಮಾಡೀನ್ರಿ?"

ಅವನು ರೊಟ್ಟಿ ಮುರಿದ. ಅವಳ ಕಿವಿ ಕೆಂಪಾದದ್ದು ಅವನಿಗೆ ಕಂಡಿತು. ಕಂಡದ್ದು ಅವಳಿಗೂ ಗೊತ್ತಾಯಿತು. ಕೊನೆಗೆ ಬುಡ ತಿರುಗದ, ಬಿಗಿದಂತೆಲ್ಲ ತುಂಡನ್ನು ಕೆಳಕ್ಕೆ ಎಳೆದು ಕೂರಿಸುವ ವೈಸೇ ಬಂತು. ಎಂಟಿಂಚು ಅಗಲದ ದವಡೆಯದೇ ಬೇಕೆಂಬ ಹಟವನ್ನೂ ಅವನು ಬಿಟ್ಟ. ಆದರೆ ದವಡೆಯ ಪಟ್ಟಿ ಗಟ್ಟಿ ಮಾಡಿದ ಉಕ್ಕಿನದೇ ಆಗಬೇಕೆಂದು ಅವನು ಪಟ್ಟು ಹಿಡಿದ, ಅದರಲ್ಲಿ ಅವಳು ಸೋತಳು. ಸೋತು ಇಷ್ಟು ಖುಷಿಪಟ್ಟವರನ್ನು ಕಾಗವಾಡ ನೋಡಿರಲಿಕ್ಕಿಲ್ಲ.

ವೈಸ್ ಬಂದ ದಿನ ಇಬ್ಬರೂ ಸೇರಿ ಅದಕ್ಕೆ ಹಚ್ಚಿದ್ದ ಗ್ರೀಸನ್ನು ಸೀಮೆಎಣ್ಣೆಯಿಂದ ತೊಳೆದರು. ಮಷಿನ್ ಟೇಬಲ್ಲಿಗೆ ಎಣ್ಣೆಕಲ್ಲು ತಿಕ್ಕಿ, ಅಂಗೈ ಆಡಿಸಿ, ಒಂದು ಕಣವೂ ಉಳಿದಿಲ್ಲ ಎಂದು ನೋಡಿಕೊಂಡು ವೈಸನ್ನು ಕೂರಿಸಿದರು. ಇನ್ನು ಅದನ್ನು ನೇರ ಮಾಡಬೇಕು. ದವಡೆಗೆ ಸೊಟ್ಟ ಅಳೆಯುವ ಡಯಲ್‌ನ ಮೂತಿ ತಾಗಿಸಿ, ಟೇಬಲ್ ಅತ್ತಿತ್ತ ಸರಿಸುತ್ತ, ಮುಳ್ಳು ಅಲ್ಲಾಡಿದ ಕಡೆ ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಒಬ್ಬರೇ ಮಾಡಬಹುದಾದ ಕೆಲಸ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

"ನನ್ನ ಕಡೆ ಒಂದೀಟ," ಎಂದಳು ಸೋನಾಲಿ, ಡಯಲ್ ನೋಡುತ್ತ.

ಅವನು ತಟ್ಟಿದ.

"ಭಾಳಾತು. ಹಿಂದ."

"ಎಷ್ಟ?"

"ಕೂದಲೆಳಿಯಷ್ಟ."

"ಯಾರ ಕೂದಲ? ನಿಮ್ಮದೋ, ನನ್ನದೋ?"

"ಸುಮ್ಮ ಬಡೀರಿ."

ಅವನು ತಟ್ಟಿದ. ಅವಳು ಹ್ಯಾಂಡಲ್ ತಿರುಗಿಸಿದಳು. ಟೇಬಲ್ ಈ ತುದಿಯಿಂದ ಆ ತುದಿಗೆ ಹೋಯಿತು, ಮುಳ್ಳು ಕದಲಲಿಲ್ಲ. "ನಿಂತ್ತ," ಎಂದಳು ಅವಳು ಸಣ್ಣ ದನಿಯಲ್ಲಿ. ತಿರುಗಿ ನೋಡಿದರೆ ಅವನ ಕಣ್ಣು ಮುಳ್ಳಿನ ಮೇಲೆ ಇರಲೇ ಇಲ್ಲ.

"ಏನ್ ನೋಡಾಕತ್ತೀರಿ?"

"ಬರೋಬರ ಆತೋ ಇಲ್ಲೋ ಅಂತ."

"ಡಯಲ್ ಇತ್ಲಾಗ ಐತ್ರಿ."

"ಗೊತ್ತೈತಿ," ಎಂದ ಅವನು, ಹಾಗೇ ನೋಡುತ್ತ.

ಆ ದಿನದಿಂದ ವೈಸಿನ ಆರೈಕೆ ಅವಳದು. ಸಂಜೆ ಮಷಿನ್ ನಿಂತ ಮೇಲೆ ಬ್ರಷ್‌ನಿಂದ ಕಬ್ಬಿಣದ ಚೂರು ಗುಡಿಸುವಳು. ಗಾಳಿ ಪೈಪು ಹಿಡಿಯಗೊಡುತ್ತಿರಲಿಲ್ಲ. ಗಾಳಿ ಹೊಡೆದರೆ ಚೂರು ಸ್ಕ್ರೂ ಒಳಗೆ ಹೋಗಿ ಕೂರುತ್ತದೆ. ಆಮೇಲೆ ಒಣ ಬಟ್ಟೆ, ಆಮೇಲೆ ತೆಳ್ಳಗೆ ಎಣ್ಣೆ. ಶಾಪ್ ಮುಚ್ಚುವಾಗ ವೈಸಿನ ಮೇಲೆ ಹನಿ ನೀರು ಇರಕೂಡದು ಎಂಬುದು ಭರತನ ಕಟ್ಟಪ್ಪಣೆ. ಭಾನುವಾರಕ್ಕೆ ಮುಂಚಿನ ಸಂಜೆ ದವಡೆ ಬಿಚ್ಚಿ, ಸ್ಕ್ರೂ ತೊಳೆದು, ಗ್ರೀಸ್ ಹಚ್ಚಿ ಮತ್ತೆ ಜೋಡಿಸುವುದು. ಒಮ್ಮೆ ಅವಸರದ ಆರ್ಡರ್ ಎಂದು ಭರತ ವೈಸಿನ ಹಿಡಿಕೆಗೆ ಸುತ್ತಿಗೆಯಿಂದ ಹೊಡೆಯಹೋದಾಗ ಅವಳು ಸುತ್ತಿಗೆಯನ್ನೇ ಕಸಿದುಕೊಂಡಳು.

"ಕೈಲೆ ಬಿಗದ್ರ ಸಾಕ್ರಿ. ಬಡದು ಬಡದು ಸ್ಕ್ರೂ ಹಾಳ ಮಾಡ್ತೀರಿ."

"ಮಾಲಕ ನಾನು."

"ವೈಸ್ ನಂದು."

"ಆತ್ ಬಿಡು. ವೈಸ್ ನಿಂದು, ಶಾಪೂ ನಿಂದು, ಮಾಲಕನೂ ನಿಂದ."

ಹೀಗೆ ಅವನು ನೀವು ಬಿಟ್ಟು ನೀನು ಎಂದ. ಅವಳು ಮಾತ್ರ ರೀ ಬಿಡಲಿಲ್ಲ. ಹೆಂಡತಿ ಗಂಡನನ್ನು ಕರೆಯುವುದೂ ರೀ ಎಂದೇ ಅಲ್ಲವೇ ಎಂದು ಒಳಗೊಳಗೆ ಲೆಕ್ಕ ಹಾಕಿಕೊಂಡಿದ್ದಳು, ಕಳ್ಳಿ.

ಅವರ ಪ್ರೀತಿಗೆ ಸಂಜೆಯ ಆ ಎಣ್ಣೆ ಹಚ್ಚುವ ಹೊತ್ತು ಬಿಟ್ಟರೆ ಬೇರೆ ಜಾಗವಿರಲಿಲ್ಲ. ತೋಟದವರ ಮಗ, ಕುರಿಯವರ ಮಗಳು; ಕಾಗವಾಡದ ಚಹಾದಂಗಡಿಯಲ್ಲಿ ಜೊತೆಗೆ ಒಂದು ಕಪ್ ಚಹಾ ಕುಡಿದರೂ ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟುತ್ತಿತ್ತು.

"ಅವ್ವಗ ಹೇಳತೀನಿ," ಎನ್ನುತ್ತಿದ್ದ ಭರತ.

"ಯಾವಾಗ್ರಿ?"

"ದ್ರಾಕ್ಷಿ ಛಾಟಣಿ ಮುಗೀಲಿ."

ಗಿಡ ಸವರುವ ಛಾಟಣಿ ಮುಗಿಯಿತು. ಆಮೇಲೆ ಔಷಧದ ಗಡಬಡಿ, ಆಮೇಲೆ ಹಣ್ಣು, ಆಮೇಲೆ ಕಬ್ಬು ಫ್ಯಾಕ್ಟರಿಗೆ ಹೋಗುವ ಕಾಲ. ಒಕ್ಕಲುತನದ ಮನೆಯಲ್ಲಿ ಬಿಡುವು ಎಂಬುದು ಯಾವತ್ತು ಇರುತ್ತದೆ? ಅಡಗಿಕೊಳ್ಳಬೇಕೆನ್ನುವವನಿಗೆ ಒಂದಲ್ಲ ಒಂದು ಬೆಳೆ ಎದ್ದು ನಿಂತಿರುತ್ತದೆ. ಭರತ ಕೆಟ್ಟವನಲ್ಲ, ಸುಳ್ಳನೂ ಅಲ್ಲ. ಆದರೆ ಹೇಳಬೇಕಾದ ಮಾತನ್ನು ನಾಳೆಗೆ ದಾಟಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸೋನಾಲಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಅವನನ್ನೇ ಪ್ರೀತಿಸಿದಳು, ಏನು ಮಾಡೋಣ.

ಎಲ್ಲ ನಿಂತಿದ್ದು ಅವನ ತಾಯಿ ರುಕ್ಮವ್ವನ ಒಂದು ಹೂಂ ಮೇಲೆ. ಧರೆಪ್ಪ ಹೆಂಡತಿಯ ಮಾತಿಗೆ ಎದುರಾಡಿದವನಲ್ಲ. ರುಕ್ಮವ್ವ ಜಬರದಸ್ತಿನ ಹೆಂಗಸೇನೂ ಆಗಿರಲಿಲ್ಲ, ಹೆದರಿದ ಹೆಂಗಸು. ಹಿರಿಯ ಮಗನ ಮದುವೆಯ ದಿನ ಅರಿಷಿಣ ಕುಂಕುಮದ ತಾಟು ಸೊಸೆಯ ಕೈಜಾರಿ ಬಿದ್ದಿತ್ತು. ವರ್ಷ ತುಂಬುವ ಮೊದಲೇ ಆ ಮಗ ಬೈಕಿನ ಮೇಲೆ ಹೋಗುವಾಗ ಕಬ್ಬಿನ ಟ್ರಾಲಿಗೆ ಸಿಕ್ಕು ಹೋದ. ಅಂದಿನಿಂದ ಅವಳಿಗೆ ಕುಂಕುಮವೆಂದರೆ ಜೀವದ ಮಾತು. ಉಳಿದ ಒಬ್ಬ ಮಗ ಹೊರಗೆ ಹೋದರೆ ಮರಳಿ ಬರುವತನಕ ಅವಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಅಂಥ ರುಕ್ಮವ್ವನಿಗೆ ಸೋನಾಲಿ ಹಿಡಿಸಿದಳು. ಶಾಪಿಗೆ ಬುತ್ತಿ ತಂದವಳು ಕೂತು ಮಾತಾಡತೊಡಗಿದಳು. ಇತ್ತಿಂದ ಒಣದ್ರಾಕ್ಷಿ ಹೋದರೆ ಅತ್ತ ಮಂಗಸೂಳಿಯಿಂದ ಸೋನಾಲಿಯ ತಾಯಿ ಸಾವಕ್ಕ ಗಿಣ್ಣ ಕಳಿಸುತ್ತಿದ್ದಳು. ಒಂದು ದಿನ ರುಕ್ಮವ್ವ ಸೋನಾಲಿಯ ಜಡೆ ಸರಿಮಾಡುತ್ತ, ಏನೂ ಅಲ್ಲವೆಂಬಂತೆ ಕೇಳಿದಳು:

"ನಿಮ್ಮ ಮಂದ್ಯಾಗ ಲಗ್ನ ಹೆಣ್ಣಿನ ಮನ್ಯಾಗ ಮಾಡತಾರೋ, ಗಂಡಿನ ಮನ್ಯಾಗೋ?"

ಸೋನಾಲಿಯ ಕೈಯಿಂದ ಬ್ರಷ್ ಬಿದ್ದಿತು. "ಎರಡೂ ನಡಿತೈತ್ರಿ, ಅವ್ವಾರ."

"ಹೌದ? ಚಲೋ ಆತು ಬಿಡು." ರುಕ್ಮವ್ವ ನಕ್ಕಳು. "ಖಂಡೆ ಪೂಜಿಗೆ ಸೀರಿ ಉಟ್ಟು ಬಾರವಾ. ಮಷಿನ್ ಹುಡುಗಿ ಹಂಗಲ್ಲ, ಮನಿ ಮಂದಿ ಹಂಗ ಬಾ."

ಆ ಸಂಜೆ ಭರತನೊಡನೆ ಅವಳಾಡಿದ ಮಾತು ಇಷ್ಟೇ: "ಅವ್ವಾರಿಗೆ ಗೊತ್ತೈತ್ರಿ. ಈಗರ ಹೇಳ್ರಿ."

"ದಸರಾ ಆಗಲಿ," ಎಂದ ಅವನು. "ಪಕ್ಕಾ."

ಖಂಡೆನವಮಿಯ ಬೆಳಿಗ್ಗೆ ಶೆಡ್ ತೊಳೆದು, ಬಾಗಿಲಿಗೆ ಚೆಂಡು ಹೂವಿನ ಮಾಲೆ ಕಟ್ಟಿ, ಎರಡು ಕಬ್ಬಿನ ಜಲ್ಲೆ ನಿಲ್ಲಿಸಿದ್ದರು. ಆ ದಿನ ಆಯುಧಗಳೇ ದೇವರು. ಪೂಜೆಯಾದ ಮೇಲೆ ಮರುದಿನದವರೆಗೆ ಅವನ್ನು ಯಾರೂ ಮುಟ್ಟುವುದಿಲ್ಲ. ಭೀಮಸಿಯ ಮನೆಯಲ್ಲೂ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ ಹಾಗೇ ಕೂರುತ್ತವೆ. ಸೋನಾಲಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

ಅವಳು ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಭರತ ಹೂವಿನ ಬುಟ್ಟಿ ಹಿಡಿದು ನಿಂತವನು ಕಣ್ಣು ಮಿಟುಕಿಸುವುದನ್ನೇ ಮರೆತ.

"ಹೂ ಬೀಳಾಕತ್ತಾವ್ರಿ," ಎಂದಳು ಅವಳು ಪಕ್ಕದಿಂದ ಹಾಯುತ್ತ.

"ಬೀಳಲಿ. ದೇವರ ಮುಂದ ಬೀಳಾಕತ್ತಾವ."

ರುಕ್ಮವ್ವ ಒಂದೊಂದು ಮಷಿನ್ನಿಗೂ ವಿಭೂತಿ ಹಚ್ಚಿ ಕುಂಕುಮ ಇಟ್ಟಳು. ವೈಸಿನ ಮುಂದೆ ಬಂದಾಗ ಹೆಚ್ಚು ಹೊತ್ತು ನಿಂತಳು. ದವಡೆಗಳ ನಡುನಡುವೆ ಬೊಟ್ಟು ಬೊಟ್ಟಾಗಿ ಕುಂಕುಮ ಇಟ್ಟು, ಕಣ್ಣು ಮುಚ್ಚಿ ಏನೋ ಗುನುಗಿ, ತೆಂಗಿನಕಾಯಿ ಒಡೆದು ನೀರನ್ನು ಅದರ ಮೇಲೆಯೇ ಸುರಿದಳು. ನೀರು ದವಡೆಯ ಸಂದಿನಿಂದ ಒಳಗಿಳಿಯಿತು. ಸೋನಾಲಿ, ಭರತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಯಿ ನೀರು ಬರಿ ನೀರಲ್ಲ, ಒಳಗೆ ನಿಂತರೆ ಬೆಳಗಾಗುವುದರಲ್ಲಿ ತಿಕ್ಕಿದ ಉಕ್ಕು ಕೆಂಪಗೆ ತುಕ್ಕು ಹಿಡಿದಿರುತ್ತದೆ.

ಎಲ್ಲರೂ ಹಿಂದಿನ ಅಂಗಳಕ್ಕೆ ಹೋಳಿಗೆ ಊಟಕ್ಕೆ ಎದ್ದರು. ಭರತ ಹಿಂದೆ ಉಳಿದು ಅವಳ ಕಿವಿಯ ಹತ್ತಿರ ಬಾಗಿದ.

"ಅವ್ವ ಆ ಕಡೆ ಹೋದ ಮ್ಯಾಲೆ ಒರಸಿ ಎಣ್ಣಿ ಹಚ್ಚಿಬಿಡ."

"ಇವತ್ತ ಮುಟ್ಟಬಾರ್ದಲ್ರಿ?"

"ಯಾರ ನೋಡತಾರ? ವೈಸ್ ಹೋಕ್ಕೈತಿ. ನಾ ಹೇಳಾಕತ್ತೀನಲ, ಮಾಡು."

ಅವನು ಹೇಳಿದ, ಅವಳು ಮಾಡಿದಳು. ಮೊದಲು ವೈಸಿಗೆ ಕೈ ಮುಗಿದಳು. ಕುಂಕುಮ ಬಿಟ್ಟು ಬರಿ ನೀರು ಒರೆಸಬೇಕೆಂದು ಬಟ್ಟೆಯ ತುದಿಯನ್ನು ಬತ್ತಿ ಮಾಡಿ ಸಂದಿಗಿಳಿಸಿದಳು. ಆದರೆ ನೀರಿನಲ್ಲಿ ಕುಂಕುಮ ಕಲೆಸಿ ಹರಿದಿತ್ತು. ಒಂದನ್ನು ತೆಗೆದು ಇನ್ನೊಂದನ್ನು ಬಿಡಲು ಆಗಲಿಲ್ಲ. ನೋಡುನೋಡುತ್ತಿದ್ದಂತೆ ಬಟ್ಟೆಯೆಲ್ಲ ಕೆಂಪಾಯಿತು.

"ಏನ್ ಒರಸಾಕತ್ತೀಯವಾ?"

ಆರತಿ ತಾಟು ಮರೆತುಹೋಗಿದ್ದ ರುಕ್ಮವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆಯೇ ಭರತ ಬಂದ.

"ನೀರ ಇಳದಿತ್ರಿ ಅವ್ವಾರ. ತುಕ್ಕ ಹಿಡಿತೈತಿ ಅಂತ..."

"ಕುಂಕುಮ ಒರಸಿದಿ."

"ನೀರಾಗ ಕಲಸಿತ್ರಿ. ನಾ ಬೇಕಂತ..."

"ಒರಸಂತ ಯಾರ ಹೇಳಿದ್ರು ನಿನಗ?"

ಸೋನಾಲಿ ಭರತನ ಕಡೆ ನೋಡಿದಳು. ಹೆಸರು ಹೇಳಿ ತೋರಿಸಿಕೊಡಲು ಅವಳಿಗೆ ಮನಸ್ಸಿರಲಿಲ್ಲ. ಹೇಳಬೇಕಾದವನು ತಾನೇ ಹೇಳಲಿ ಎಂದು ಕಾದಳು. ಅವನ ಬಾಯಿ ತೆರೆಯಿತು. ಅವಳ ಜೀವವೆಲ್ಲ ಆ ಬಾಯಿಯ ಮೇಲೆ ಕೂತಿತ್ತು.

"ಅವ್ವಾ," ಎಂದ ಭರತ, "ಮಂದಿ ಊಟಕ್ಕ ಕುಂತಾರ. ನಡಿ."

ಅಷ್ಟೇ.

"ಯಾರೂ ಹೇಳಿಲ್ರಿ," ಎಂದಳು ಸೋನಾಲಿ.

ರುಕ್ಮವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

"ಅದನ್ನ ಹಚ್ಚೂ ಮುಂದ ಇವನ ಹೆಸರು ಅಂದೆ, ನಿನ್ನ ಹೆಸರು ಅಂದೆ. ಎರಡೂ ಕೂಡಿಸಿ ಅಂದಿದ್ನೆ. ನಿನ್ನ ಕೈಲೇ ಒರಸಿ ತಗದೆಲ್ಲವಾ ತಂಗಿ. ಇನ್ನ ಹೆಂಗ ನಾ ಕಣ್ಣ ಮುಚ್ಚಿ ನಿನ್ನ ಮನಿ ತುಂಬಿಸ್ಕೊಳ್ಲಿ? ನಂಗ ಇರಾಂವ ಇವನೊಬ್ಬ."

ಸಂಜೆ ಫೋನ್ ಬಂತು. ಸೋನಾಲಿ ಹಟ್ಟಿಯ ಹೊರಗೆ, ಕುರಿಗಳು ಒಳಗೆ ಸೇರುವ ಸದ್ದಿನಲ್ಲಿ ನಿಂತು ಮಾತಾಡಿದಳು.

"ಅವ್ವ ಭಾಳ ಅಳಾಕತ್ತಾಳ," ಎಂದ ಭರತ. "ಸ್ವಲ್ಪ ತಣ್ಣಗಾಗಲಿ. ದೀವಳಿಗಿ ಆದ ಮ್ಯಾಲೆ..."

"ಇವತ್ತ ಹೇಳ್ರಿ. ನಾನ ಹೇಳಿ ಒರಸಸಿದ್ನಿ ಅನ್ರಿ, ಅಷ್ಟ ಸಾಕು. ನನ್ನ ಕೈ ತಾನಾಗಿ ಹೋಗಿಲ್ಲ ಅಂತ ಅವರಿಗೆ ಗೊತ್ತಾದ್ರ ಅವರ ಮನಸು ಹಗೂರ ಆಗತೈತಿ. ಕುಂಕುಮ ಮಗನ ಮಾತಿಗೆ ಹೋತು, ನನ್ನಿಂದ ಹೋಗಲಿಲ್ಲ ಅಂತ ಮತ್ತೊಮ್ಮಿ ಹಚ್ಚತಾರ. ನಂಗ ಅವರು ಗೊತ್ತ."

"ಹೌದು. ಖರೇ ಐತಿ."

"ಮತ್ತ?"

"ನಾಳೆ ಬನ್ನಿ ಕೊಡಾಕ ಬಾ. ನೀ ಬರೂದರಾಗ ಹೇಳಿರತೀನಿ. ನಿನ್ನಾಣಿ."

ಅವಳು ನಂಬಿದಳು. ನಂಬಲು ಬೇರೆ ಯಾರಿದ್ದರು ಅವಳಿಗೆ?

ವಿಜಯದಶಮಿಯ ಸಂಜೆ ಕಾಗವಾಡದ ತುಂಬ ಬನ್ನಿಯ ಗಡಿಬಿಡಿ. ಬನ್ನಿಯ ಎಲೆ ಆ ದಿನ ಬಂಗಾರ. ಕಿರಿಯರು ಹಿರಿಯರ ಕೈಗೆ ಕೊಟ್ಟು ಕಾಲಿಗೆರಗುತ್ತಾರೆ. ಬಂಗಾರದಂಗ ಇರೋಣು ಎನ್ನುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವನು ಕೊಟ್ಟರೂ ಬೇಡ ಎನ್ನುವಂತಿಲ್ಲ. ಸೋನಾಲಿ ಕರವಸ್ತ್ರದಲ್ಲಿ ಎಲೆ ಕಟ್ಟಿಕೊಂಡು ಧರೆಪ್ಪನ ಮನೆಯ ಮೆಟ್ಟಿಲು ಹತ್ತಿದಳು.

ಪಡಸಾಲೆಯಲ್ಲಿ ಧರೆಪ್ಪ, ರುಕ್ಮವ್ವ ಇಬ್ಬರೇ ಇದ್ದರು. ಅವಳು ಧರೆಪ್ಪನಿಗೆ ಕೊಟ್ಟು ಎರಗಿದಳು, ರುಕ್ಮವ್ವನಿಗೆ ಕೊಟ್ಟು ಎರಗಿದಳು. ರುಕ್ಮವ್ವ ಎರಡೂ ಕೈಯಿಂದ ಅವಳ ಮುಖ ಹಿಡಿದೆತ್ತಿದಳು. ಅತ್ತು ಅತ್ತು ಕಣ್ಣು ಊದಿದ್ದರೂ ಆ ಮುಖದಲ್ಲಿ ನಗುವಿತ್ತು.

"ಬಂಗಾರದಂಗ ಇರವಾ, ನನ್ನವ್ವ."

ಹೇಳಿದ್ದಾನೆ, ಎನ್ನಿಸಿತು ಸೋನಾಲಿಗೆ. ಕಾಲ ಕೆಳಗಿನ ನೆಲ ಮತ್ತೆ ಗಟ್ಟಿಯಾಯಿತು. ಅಷ್ಟರಲ್ಲಿ ಒಳಗಿನಿಂದ ಭರತ ಬಂದು ಕಂಬದ ಹತ್ತಿರ ನಿಂತ. ಅವಳು ಅವನನ್ನು ನೋಡಿದಳು. ಅವನು ತನ್ನ ಚಪ್ಪಲಿ ನೋಡಿಕೊಂಡ. ಅವಳಿಗೆ ಎಲ್ಲ ತಿಳಿಯಿತು.

"ರಾತ್ರಿ ಬೆಳತನ ನಿದ್ದಿ ಇಲ್ಲ ನಂಗ," ಎಂದಳು ರುಕ್ಮವ್ವ ಅವಳ ಕೈ ಸವರುತ್ತ. "ನಿನ್ನ ಬಿಡಾಕ ಮನಸಿಲ್ಲ, ಇವನ ಜೀವಾ ಪಣಕ್ಕ ಹಚ್ಚಾಕ ಧೈರ್ಯ ಇಲ್ಲ. ಕಡೀಕ ದೇವ್ರ ದಾರಿ ತೋರಿಸಿದ. ಹೆಂಡತಿ ಆಗಾಕಿ ಕುಂಕುಮ ಒರಸಿದ್ರ ಕೇಡು. ತಂಗಿ ಒರಸಿದ್ರ ಏನೂ ಇಲ್ಲ. ಮಗಳಿಲ್ಲದ ಮನಿ ಇದು, ಸೋನಾಲಿ. ಬಾರೋ ಭರತಾ, ತಂಗಿ ಕೈಲೆ ಬನ್ನಿ ತೊಗೊ."

ಈಗಲೂ ಹೊತ್ತು ಮೀರಿರಲಿಲ್ಲ. ಎರಡು ಮಾತು ಸಾಕಿತ್ತು. ಅವಳು ಅವನ ಕಡೆ ತಿರುಗಿ ನಿಂತು, ಎಲೆ ಇರುವ ಮುಷ್ಟಿಯನ್ನು ಬಿಚ್ಚದೆ, ಎಷ್ಟು ಕಾಯಲು ಸಾಧ್ಯವೋ ಅಷ್ಟು ಕಾದಳು. ಭರತ ತಾಯಿಯ ಊದಿದ ಕಣ್ಣು ನೋಡಿದ. ಆಮೇಲೆ ಕೈ ಚಾಚಿದ.

ಚಾಚಿದ ಆ ಅಂಗೈಯಲ್ಲಿ ಅವಳು ಎಲೆ ಇಟ್ಟಳು.

"ತೊಗೊ ಅಣ್ಣಾ," ಎಂದಳು. "ಬಂಗಾರದಂಗ ಇರು."

ಬಾಗಿ ಅವನ ಪಾದ ಮುಟ್ಟಿದಳು. ಆ ಪಾದ ನಡುಗುತ್ತಿತ್ತು. ನಡುಗುವುದಾದರೂ ಬಂತಲ್ಲ ಅವನಿಗೆ.

ರುಕ್ಮವ್ವ ಒಳಗೆ ಓಡಿ ಒಂದು ಖಣ ತಂದು ಅವಳ ಕೈಯಲ್ಲಿಟ್ಟಳು, ಉಡಿಗೆ ಅಕ್ಕಿ ಹಾಕಿದಳು. "ಇವತ್ತಿನಿಂದ ಇದು ನಿನ್ನ ತವರಮನಿ. ಪಂಚಮಿಗೆ ಬರಬೇಕು, ದೀವಳಿಗಿಗೆ ಬರಬೇಕು. ನಿನ್ನ ಲಗ್ನ ಅಣ್ಣ ಮುಂದ ನಿಂತು ಮಾಡಸ್ತಾನ." ಧರೆಪ್ಪ "ಚಲೋ ಆತು" ಎಂದು ತಲೆದೂಗಿದ. ರುಕ್ಮವ್ವನ ಸಂತೋಷ ಅಪ್ಪಟವಾಗಿತ್ತು, ಅದನ್ನು ದ್ವೇಷಿಸಲು ಸೋನಾಲಿಗೆ ಎಳ್ಳಷ್ಟೂ ಎಡೆ ಇರಲಿಲ್ಲ. ಈ ಮನೆಗೆ ಬರಬೇಕೆಂದು ಅವಳು ಹಗಲಿರುಳು ಹಂಬಲಿಸಿದ್ದಳು. ಮನೆ ಸಿಕ್ಕಿತು.

ಅವಳು ರಸ್ತೆಯ ತಿರುವು ಮುಟ್ಟುವಷ್ಟರಲ್ಲಿ ಭರತ ಹಿಂದಿನಿಂದ ಓಡಿಬಂದ. ಕೈಯಲ್ಲಿ ಎಲೆ ಹಾಗೇ ಇತ್ತು.

"ಸೋನಾಲಿ, ನಿಲ್ಲ. ನಾ ಹೇಳಬೇಕಿತ್ತು. ಬಾಯಿತನಕ ಬಂದಿತ್ತು, ಖರೇ. ಅವ್ವನ ಮುಖಾ ನೋಡಿ..." ಅವನ ಕಣ್ಣಿಂದ ಧಾರೆಯಾಗಿ ನೀರಿಳಿಯುತ್ತಿತ್ತು. "ನಿನ್ನ ಬಿಟ್ಟು ನಂಗ ಯಾರೂ ಬ್ಯಾಡ. ನೀ ಅಂದ್ರ ನನ್ನ ಜೀವಾ. ಸಾಂಗಲ್ಯಾಗ ಆ ವೈಸಿನ ತಳಕ್ಕ ನಿನ್ನ ಬೆರಳು ತಾಗಿದಾಗಿಂದ ಹಂಗ. ಇದನ್ನ ಒಂದ ದಿನಾನೂ ನಿನಗ ನೆಟ್ಟಗ ಹೇಳಲೇ ಇಲ್ಲ ನಾ."

ಎಷ್ಟು ಸಂಜೆ ಅವಳು ಈ ಮಾತಿಗಾಗಿ ಒರೆಸಿದ ದವಡೆಯನ್ನೇ ಮತ್ತೆ ಮತ್ತೆ ಒರೆಸುತ್ತ ಹೊತ್ತು ಕಳೆದಿದ್ದಳೋ. ಒಂದೊಂದು ಶಬ್ದವೂ ಅವಳು ಬಯಸಿದಂತೆಯೇ ಇತ್ತು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಉಡಿಯ ಅಕ್ಕಿ ಚೆಲ್ಲದಂತೆ ಸೆರಗನ್ನು ಇನ್ನೊಂದು ಸುತ್ತು ಬಿಗಿ ಹಿಡಿದಳು. ಮಂಗಸೂಳಿ ಕಡೆಯ ಟಂಟಂ ಆಟೊ ಬಂದು ನಿಂತಿತು.

"ತಂಗಿ ಮುಂದ ಇಂಥಾ ಮಾತು ಆಡಬಾರ್ದೋ ಅಣ್ಣಾ," ಎಂದು ಹೇಳಿ ಅವಳು ಹತ್ತಿ ಕೂತಳು.